ದೊಡ್ಡ ಫಿಲ್ಮಿನಲ್ಲಿ ನಮ್ಮ ಗಿರಿ, ನಮ್ಮ ಕಾವಲು

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ಸೀಮೆಯ ಭೂದೃಶ್ಯ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ತರೀಕೆರೆಯಲ್ಲಿ ನಡೆಸಿದ ವಿಮರ್ಶಾಗೋಷ್ಠಿಯ ಆರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಕೊಠಡಿಯ ಗೋಡೆಗಳಿಗೆ ಹನ್ನೊಂದು ಛಾಯಾಚಿತ್ರಗಳನ್ನು ತೂಗುಹಾಕಲಾಗಿದೆ. ಎಲ್ಲವೂ ಕಪ್ಪು-ಬಿಳುಪಿನವು. ಎಲ್ಲವನ್ನೂ ಮುಕ್ಕಾಲಿಯ ಮೇಲೆ ನಿಲ್ಲಿಸಿದ ದೊಡ್ಡ ಕ್ಯಾಮೆರಾದಿಂದ, ಹಾಳೆ ಫಿಲ್ಮಿನ ಮೇಲೆ ತೆಗೆಯಲಾಗಿದೆ. ಬಾಸೂರಿನ ಕಾವಲು, ಅಜ್ಜಂಪುರದ ಕಾವಲು, ಅಯ್ಯನಕೆರೆಯ ಏರಿ, ಕೆಮ್ಮಣ್ಣುಗುಂಡಿಯ ಹಳೆಯ ಗಣಿ, ಲಕ್ಕವಳ್ಳಿಯ ಹಿನ್ನೀರು, ಭದ್ರಾ ಮೇಲ್ದಂಡೆ ಕಾಲುವೆಗಾಗಿ ಕಡಿದ ದಿಬ್ಬ, ಹೀಗೆ ಎಲ್ಲವೂ ನಿಮಗೆ ಪರಿಚಿತವಾದ ಸ್ಥಳಗಳೇ. ಚಿತ್ರಗಳ ಕೆಳಗೆ ತೆಗೆದವರ ಹೆಸರಿಲ್ಲ. ಹೆಸರು ಕಂಡೊಡನೆ ನಮ್ಮ ನಾಲಿಗೆ ಮೆತ್ತಗಾಗುತ್ತದೆ. ನೆಂಟರು, ಪರಿಚಿತರು ಎಂಬ ದಾಕ್ಷಿಣ್ಯ ಬರುತ್ತದೆ. ಆದ್ದರಿಂದ ಹೆಸರುಗಳನ್ನು ಸಂಜೆಗೆ ಇಟ್ಟುಕೊಂಡಿದ್ದೇವೆ.

ನಿನ್ನೆ ಸಂಜೆ ಈ ಚಿತ್ರಗಳನ್ನು ಮೊಳೆಗೆ ಸಿಕ್ಕಿಸುತ್ತಿದ್ದಾಗ ಸಹಾಯಕ್ಕೆಂದು ಬಂದಿದ್ದ ಹಿರಿಯ ದನಗಾಹಿಯೊಬ್ಬರು ಅಜ್ಜಂಪುರದ ಕಾವಲಿನ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಅನಂತರ ಅವರು ಕೇಳಿದ್ದು ಒಂದೇ ಮಾತು: "ಚೆನ್ನಾಗಿದೆ ಸ್ವಾಮಿ, ಆದ್ರೆ ದನ ಎಲ್ಲೋದ್ವು?" ಇಂದಿನ ನನ್ನ ಮಾತಿನ ಬಹುಭಾಗವು ಆ ಪ್ರಶ್ನೆಗೆ ಕೊಡುವ ಉತ್ತರವೇ ಆಗಿದೆ.

ಮೊದಲು ಈ ಕ್ಯಾಮೆರಾ ಎಂಥದ್ದೆಂಬುದನ್ನು ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. ಮುಂದೊಂದು ಹಲಗೆ, ಅದರಲ್ಲಿ ಲೆನ್ಸು. ಹಿಂದೊಂದು ಹಲಗೆ, ಅದರಲ್ಲಿ ಉಜ್ಜಿ ಮಬ್ಬಾಗಿಸಿದ ಗಾಜು. ಎರಡರ ನಡುವೆ ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾದ ಕಪ್ಪು ಚೀಲ. ಛಾಯಾಗ್ರಾಹಕರು ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ಆ ಗಾಜನ್ನು ನೋಡಿದರೆ ಮುಳ್ಳಯ್ಯನಗಿರಿ ತಲೆಕೆಳಗಾಗಿ, ಎಡಬಲ ಬದಲಾಗಿ ಕಾಣುತ್ತದೆ. ಎಲ್ಲವೂ ಸ್ಪಷ್ಟವಾದ ಮೇಲೆ ಗಾಜಿನ ಜಾಗಕ್ಕೆ ಫಿಲ್ಮು ತುಂಬಿದ ಹಿಡಿಕೆಯನ್ನು ಸೇರಿಸಿ ಒಂದೇ ಒಂದು ಚಿತ್ರ ತೆಗೆಯುತ್ತಾರೆ. ಮತ್ತೊಂದು ಬೇಕೆಂದರೆ ಮತ್ತೊಂದು ಹಾಳೆ. ಬೆಟ್ಟಕ್ಕೆ ಹೊತ್ತೊಯ್ಯುವುದು ಸಾಮಾನ್ಯವಾಗಿ ಹತ್ತು ಹನ್ನೆರಡು ಹಾಳೆ. ಆ ಹಾಳೆಗಳನ್ನು ಹಿಡಿಕೆಗೆ ತುಂಬುವುದೂ ತೆಗೆಯುವುದೂ ಪೂರ್ಣ ಕತ್ತಲಲ್ಲಿ, ಕೈಬೆರಳ ಸ್ಪರ್ಶದಿಂದಲೇ ಆಗಬೇಕು.

ಇಷ್ಟೆಲ್ಲ ಕಷ್ಟ ಏತಕ್ಕೆ ಎಂದು ನೀವು ಕೇಳಬಹುದು. ಜೇಬಿನಲ್ಲಿರುವ ಮೊಬೈಲು ಒಂದು ನಿಮಿಷದಲ್ಲಿ ಇಪ್ಪತ್ತು ಚಿತ್ರ ತೆಗೆಯುತ್ತದೆಯಲ್ಲ! ಕಾರಣ ವಿವರ. ಹಿಂದೆ ಮದುವೆಮನೆಗಳಲ್ಲಿ ಬಳಸುತ್ತಿದ್ದ ಸುರುಳಿ ಫಿಲ್ಮಿನ ಒಂದು ಚೌಕಟ್ಟು 24×36 ಮಿಲಿಮೀಟರ್. ಇಲ್ಲಿ ಬಳಸಿರುವ ಹಾಳೆ 4×5 ಅಂಗುಲ, ಅಂದರೆ ವಿಸ್ತೀರ್ಣದಲ್ಲಿ ಅದರ ಸುಮಾರು ಹದಿನೈದು ಪಟ್ಟು. 8×10 ಅಂಗುಲದ ಹಾಳೆಯಾದರೆ ಅರವತ್ತು ಪಟ್ಟು. ಬಾಗಿಲ ಬಳಿಯ ಮೇಜಿನ ಮೇಲೆ ಭೂತಗನ್ನಡಿಗಳಿವೆ, ದಯವಿಟ್ಟು ತೆಗೆದುಕೊಂಡು ನೋಡಿ. ಬಾಸೂರಿನ ಚಿತ್ರದಲ್ಲಿ ಹುಲ್ಲಿನ ತೆನೆಗಳನ್ನು ಬೇರೆಬೇರೆಯಾಗಿ ಗುರುತಿಸಬಹುದು. ಯಾವುದು ಕರಡ, ಯಾವುದು ದನ ಮುಟ್ಟದ ಹುಲ್ಲು ಎಂಬುದನ್ನು ನಿಮ್ಮಲ್ಲಿ ಕೆಲವರಾದರೂ ಹೇಳಬಲ್ಲಿರಿ. ತೆಗೆದವರಿಗೆ ಅದು ಗೊತ್ತಿಲ್ಲದಿರಬಹುದು. ಛಾಯಾಗ್ರಾಹಕರಿಗೆ ತಿಳಿಯದ ಸಂಗತಿಯನ್ನೂ ಇಂತಹ ಫಿಲ್ಮು ದಾಖಲಿಸಿಕೊಂಡಿರುತ್ತದೆ. ಹಾಗಾಗಿಯೇ ಚಿತ್ರವನ್ನು ನೋಡಲು ತಜ್ಞರು ಮಾತ್ರ ಸಾಲದು, ಆ ನೆಲದಲ್ಲಿ ನಡೆದಾಡುವವರೂ ಬೇಕು.

ಈ ಕ್ಯಾಮೆರಾದ ಇನ್ನೊಂದು ಗುಣವೆಂದರೆ ಅದರ ಹಲಗೆಗಳನ್ನು ಮೇಲಕ್ಕೆ, ಕೆಳಕ್ಕೆ, ಓರೆಗೆ ಸರಿಸಬಹುದು. ನಮ್ಮ ಅಮೃತಾಪುರದ ದೇವಾಲಯವನ್ನು, 1196ರಲ್ಲಿ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ನಿರ್ಮಾಣವಾದ ಆ ಅಮೃತೇಶ್ವರನ ಗುಡಿಯನ್ನು, ಸಾಮಾನ್ಯ ಕ್ಯಾಮೆರಾವನ್ನು ಮೇಲಕ್ಕೆತ್ತಿ ತೆಗೆದರೆ ಗೋಪುರವು ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಇಲ್ಲಿ ಕ್ಯಾಮೆರಾವನ್ನು ನೆಟ್ಟಗೆ ಇಟ್ಟು ಲೆನ್ಸಿನ ಹಲಗೆಯನ್ನು ಮಾತ್ರ ಮೇಲಕ್ಕೆ ಸರಿಸಿದರೆ ಕಂಬಗಳು ನೆಟ್ಟಗೆ ನಿಲ್ಲುತ್ತವೆ. ಅದೇ ಹಲಗೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದರೆ ಕಾಲಡಿಯ ಹುಲ್ಲಿನಿಂದ ದಿಗಂತದ ಗಿರಿಯವರೆಗೆ ಎಲ್ಲವೂ ಒಂದೇ ಸಮನಾಗಿ ಸ್ಪಷ್ಟವಾಗುತ್ತದೆ. ಇದರ ಹಿಂದಿನ ಗಣಿತವು ಆಸ್ಟ್ರಿಯಾದ ಸೇನಾಧಿಕಾರಿ ಶೈಂಪ್‌ಫ್ಲಗ್ ಎಂಬಾತನ ಹೆಸರಿನಲ್ಲಿದೆ. ಕುತೂಹಲವುಳ್ಳ ಪಿಯುಸಿ ವಿದ್ಯಾರ್ಥಿಗಳು ಊಟದ ಬಿಡುವಿನಲ್ಲಿ ಬಂದರೆ ಕ್ಯಾಮೆರಾದಲ್ಲೇ ತೋರಿಸಬಹುದು.

ಈಗ ದನಗಳ ಪ್ರಶ್ನೆಗೆ ಬರೋಣ.

ದೂರವೂ ಹತ್ತಿರವೂ ಸ್ಪಷ್ಟವಾಗಬೇಕಾದರೆ ಲೆನ್ಸಿನ ಬೆಳಕಿಂಡಿಯನ್ನು ಬಹಳ ಕಿರಿದು ಮಾಡಬೇಕು. ಕಿಂಡಿ ಕಿರಿದಾದಷ್ಟೂ ಬೆಳಕು ತುಂಬಲು ಹೆಚ್ಚು ಕಾಲ ಬೇಕು. ನೂರರ ವೇಗದ ಫಿಲ್ಮು, ಎಫ್ 32ರ ಕಿಂಡಿ, ಮೋಡ ಮುಸುಕಿದ ಮುಂಜಾವು ಎಂದಿಟ್ಟುಕೊಳ್ಳಿ. ಷಟರ್ ಸುಮಾರು ಎರಡು ಸೆಕೆಂಡು ತೆರೆದಿರಬೇಕು. ಆಕಾಶ ಗಾಢವಾಗಲೆಂದು ಕೆಂಪು ಫಿಲ್ಟರ್ ಹಾಕಿದರೆ ಅದರ ಎಂಟು ಪಟ್ಟು, ಅಂದರೆ ಹದಿನಾರು ಸೆಕೆಂಡು. ಅಷ್ಟು ದೀರ್ಘಕಾಲದಲ್ಲಿ ಫಿಲ್ಮಿನ ಗ್ರಹಣಶಕ್ತಿ ಕುಗ್ಗುವುದರಿಂದ ಇನ್ನೂ ಕೆಲವು ಸೆಕೆಂಡು ಸೇರಿಸಬೇಕು. ಅಷ್ಟರಲ್ಲಿ ಮಂದೆಯೊಂದು ಹತ್ತು ಹದಿನೈದು ಮಾರು ನಡೆದಿರುತ್ತದೆ. ನಡೆಯುವ ದನ ಎಲ್ಲಿಯೂ ಅಚ್ಚಾಗುವಷ್ಟು ಹೊತ್ತು ನಿಲ್ಲುವುದಿಲ್ಲ. ಮಲಗಿ ಮೆಲುಕು ಹಾಕುವ ಹಸು ಚಿತ್ರದಲ್ಲಿ ಉಳಿಯುತ್ತದೆ, ಮೇಯುತ್ತ ಸಾಗುವುದು ಮಂಜಿನ ಎಳೆಯಾಗುತ್ತದೆ ಅಥವಾ ಪೂರ್ಣವಾಗಿ ಅಳಿಸಿಹೋಗುತ್ತದೆ.

ಇದು ಛಾಯಾಗ್ರಹಣದಷ್ಟೇ ಹಳೆಯ ಸಂಗತಿ. 1838ರಲ್ಲಿ ಡಾಗೆರ್ ಎಂಬ ಫ್ರೆಂಚ್ ವ್ಯಕ್ತಿ ಪ್ಯಾರಿಸ್ಸಿನ ಒಂದು ದೊಡ್ಡ ಬೀದಿಯನ್ನು ತನ್ನ ಕಿಟಕಿಯಿಂದ ಚಿತ್ರಿಸಿದ. ಗಾಡಿ, ಕುದುರೆ, ಜನಸಂದಣಿಯಿಂದ ತುಂಬಿದ ಬೀದಿಯದು. ಚಿತ್ರದಲ್ಲಿ ಬೀದಿ ನಿರ್ಜನ. ಒಂದು ಮೂಲೆಯಲ್ಲಿ ಬೂಟು ಪಾಲಿಷ್ ಮಾಡಿಸಿಕೊಳ್ಳುತ್ತ ಕಾಲು ಮುಂದಿಟ್ಟು ನಿಂತಿದ್ದ ಒಬ್ಬಾತ ಮಾತ್ರ ಸ್ಪಷ್ಟವಾಗಿ ಉಳಿದುಕೊಂಡಿದ್ದಾನೆ. ಪ್ಯಾರಿಸ್ಸಿನಲ್ಲಿ ಜನರಿರಲಿಲ್ಲ ಎಂದು ಆ ಚಿತ್ರ ನೋಡಿ ಯಾರೂ ಹೇಳುವುದಿಲ್ಲ, ಏಕೆಂದರೆ ಪ್ಯಾರಿಸ್ ಎಲ್ಲರಿಗೂ ಗೊತ್ತು. ಅಜ್ಜಂಪುರದ ಕಾವಲು ಎಲ್ಲರಿಗೂ ಗೊತ್ತಿಲ್ಲ.

ಕಷ್ಟವಿರುವುದು ಅಲ್ಲಿಯೇ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯಿಂದ ಆರಂಭವಾಗಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ರಾಸುಗಳಿಗಾಗಿ ಮೈಸೂರು ಸಂಸ್ಥಾನವು ಕಾವಲುಗಳನ್ನು ಕಾದಿರಿಸಿತ್ತು. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ ಮಂದೆಗಳನ್ನು ಋತುವಿಗೆ ತಕ್ಕಂತೆ ನಡೆಸುತ್ತಿದ್ದರು. ವರ್ಷದ ಕೆಲವು ತಿಂಗಳು ಒಂದು ಕಾವಲಿನಲ್ಲಿ ದನವಿಲ್ಲದಿರುವುದು ಆ ವ್ಯವಸ್ಥೆಯ ಭಾಗ. ಹುಲ್ಲು ಮತ್ತೆ ಚಿಗುರಲಿ ಎಂದೇ ಅದನ್ನು ಬಿಟ್ಟಿರುತ್ತಾರೆ. ಆದರೆ ಕಚೇರಿಯ ಮೇಜಿನ ಮೇಲೆ ಆ ತಿಂಗಳಿನ ಚಿತ್ರವೊಂದು ಬಂದು ಬಿದ್ದರೆ ಅಲ್ಲಿ ಕಾಣುವುದು ಬಂಜರು. ನಮ್ಮ ಹುಲ್ಲುಗಾವಲುಗಳು ಕಂದಾಯದ ಭಾಷೆಯಲ್ಲಿಯೂ ಯೋಜನೆಗಳ ಭಾಷೆಯಲ್ಲಿಯೂ ಪಾಳು, ಬಂಜರು, ಬಳಕೆಯಲ್ಲಿಲ್ಲದ ಭೂಮಿ ಎಂಬ ಹಣೆಪಟ್ಟಿ ಹೊತ್ತೇ ಬಂದಿವೆ. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾದಾಗ, ದನಕುರಿ ಮೇಯಿಸುತ್ತಿದ್ದ ಹಳ್ಳಿಗಳ ಜನ ಬೇಲಿ ಮತ್ತು ಗೋಡೆ ಎದ್ದ ಮೇಲೆಯೇ ಅದರ ಅಳತೆಯನ್ನು ಕಂಡರು. ಪ್ರಕರಣವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಏರಿತು. ಬಾಸೂರಿನ ಕಾವಲು ಕೃಷ್ಣಮೃಗಗಳ ಕಾರಣದಿಂದ 2011ರಲ್ಲಿ ಸಂರಕ್ಷಣಾ ಮೀಸಲು ಎಂಬ ಮಾನ್ಯತೆ ಪಡೆಯಿತು. ಉಳಿದ ಕಾವಲುಗಳಿಗೆ ಅಂತಹ ಕಾವಲಿಲ್ಲ.

ಆದ್ದರಿಂದ ಆ ಚಿತ್ರದ ಬಗ್ಗೆ ನನ್ನ ವಿಮರ್ಶೆ ಹೀಗಿದೆ. ಅದು ಸೊಗಸಾಗಿದೆ. ಹುಲ್ಲಿನ ಮೇಲೆ ಓರೆಯಾಗಿ ಬಿದ್ದ ಬೆಳಕು, ದೂರದಲ್ಲಿ ತೆಳುವಾಗಿ ನಿಂತ ಬೆಟ್ಟದ ಸಾಲು, ಎರಡೂ ಪಳಗಿದ ಕೈಯ ಕೆಲಸ. ಆದರೂ ಕ್ಯಾಮೆರಾದ ವಿಧಾನದಿಂದ ಉಂಟಾದ ಶೂನ್ಯವನ್ನು ಅದು ನೆಲದ ಶೂನ್ಯವೆಂಬಂತೆ ತೋರಿಸುತ್ತಿದೆ. ಹಾಗೆಂದು ಗೋಡೆಯಿಂದ ತೆಗೆಯಬೇಕಾಗಿಲ್ಲ. ಭೂತಗನ್ನಡಿ ಹಿಡಿದು ಕೆಳಗಿನ ಎಡಮೂಲೆಯನ್ನು ನೋಡಿ: ಒಂದರ ಪಕ್ಕ ಒಂದು, ಹಗ್ಗದಂತೆ ಸಾಗಿರುವ ಐದಾರು ದನದ ಜಾಡುಗಳಿವೆ. ಮಧ್ಯದಲ್ಲಿ ಬೆಳ್ಳಗೆ ಕಾಣುವ ಗೆರೆ ಗೋಕಟ್ಟೆಯ ಏರಿ. ಒಣಗಿದ ಸಗಣಿಯೂ ಉಂಟು. ದೊಡ್ಡ ಫಿಲ್ಮು ದನವನ್ನು ಕಳೆದುಕೊಂಡರೂ ದನ ನಡೆದ ಗುರುತನ್ನು ಬಿಟ್ಟಿಲ್ಲ. ಇದನ್ನು ಅಡಿಬರಹದಲ್ಲಿ ಹೇಳಬೇಕಿತ್ತು. ಜೊತೆಗೆ ಸೂರ್ಯ ಮೇಲೇರಿದ ಮೇಲೆ ಕಿಂಡಿಯನ್ನು ಸ್ವಲ್ಪ ದೊಡ್ಡದು ಮಾಡಿ, ಮಂದೆ ನೀರಿಗೆ ಬರುವ ಹೊತ್ತಿನಲ್ಲಿ ಅದೇ ಜಾಗದಿಂದ ಇನ್ನೊಂದು ಹಾಳೆಯನ್ನು ತೆಗೆದಿರಬೇಕಿತ್ತು. ಬೆಳಕು ಆಗ ಚಪ್ಪಟೆಯಾಗಿರುತ್ತದೆ, ಚಿತ್ರ ಇಷ್ಟು ಚೆಂದ ಬಾರದು. ಬಾರದಿದ್ದರೂ ಬೇಕು.

ನಿರ್ಜನ ಭೂದೃಶ್ಯದ ಈ ರೂಢಿ ಎಲ್ಲಿಂದ ಬಂತು? ಅಮೆರಿಕದಿಂದ ಬಂದದ್ದು ಹೆಚ್ಚು. ಕಾರ್ಲ್‌ಟನ್ ವಾಟ್ಕಿನ್ಸ್ ಎಂಬಾತ 1861ರಲ್ಲಿ ಹದಿನೆಂಟು-ಇಪ್ಪತ್ತೆರಡು ಅಂಗುಲದ ಗಾಜಿನ ಫಲಕಗಳನ್ನು ಹೇಸರಗತ್ತೆಗಳ ಮೇಲೆ ಹೇರಿಕೊಂಡು ಯೊಸಿಮಿಟಿ ಕಣಿವೆಗೆ ಹೋದ. 1864ರಲ್ಲಿ ಲಿಂಕನ್ ಆ ಕಣಿವೆಯನ್ನು ಕಾಯ್ದಿಡುವ ಕಾಯಿದೆಗೆ ಸಹಿ ಹಾಕುವ ಮೊದಲು ಆ ಚಿತ್ರಗಳು ಪೂರ್ವತೀರದವರೆಗೆ ತಲುಪಿದ್ದವು. ಮುಂದೆ ಆನ್ಸೆಲ್ ಆಡಮ್ಸ್ 1938ರಲ್ಲಿ ಸಿಯೆರಾ ನೆವಾಡಾ ಪರ್ವತಗಳ ಚಿತ್ರಗಳ ಪುಸ್ತಕವೊಂದನ್ನು ಹೊರತಂದು ಅಧಿಕಾರಸ್ಥರಿಗೆ ಮುಟ್ಟಿಸಿದ, 1940ರಲ್ಲಿ ಕಿಂಗ್ಸ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನವಾಯಿತು. ಚಿತ್ರವೊಂದು ನೆಲವನ್ನು ಉಳಿಸಬಲ್ಲದು ಎಂಬ ನಂಬಿಕೆಗೆ ಇವು ಆಧಾರ. ಆದರೆ ಯೊಸಿಮಿಟಿಯಲ್ಲಿ ತಲೆತಲಾಂತರದಿಂದ ಆವಾನೀಚಿ ಎಂಬ ಮೂಲನಿವಾಸಿಗಳಿದ್ದರು. ಅವರು ಬೆಂಕಿ ಹಾಕಿ ಹುಲ್ಲುಗಾವಲನ್ನು ತೆರವಾಗಿ ಇಟ್ಟುಕೊಂಡಿದ್ದರು. 1851ರಲ್ಲಿ ಸಶಸ್ತ್ರ ದಳವೊಂದು ಅವರನ್ನು ಅಲ್ಲಿಂದ ಹೊರದಬ್ಬಿತು. ಆಡಮ್ಸ್‌ನ ಪ್ರಸಿದ್ಧ ಕಣಿವೆ ಚಿತ್ರಗಳಲ್ಲಿ ಅದರ ಸುಳಿವಿಲ್ಲ.

ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ನಡೆದದ್ದು ನಮಗೆ ಇನ್ನೂ ಹತ್ತಿರದ ಕಥೆ, ಏಕೆಂದರೆ ಅದು ಅಣೆಕಟ್ಟಿನ ಕಥೆ. ಅಲ್ಲಿ 1972ರಲ್ಲಿ ಪೆಡ್ಡರ್ ಸರೋವರ ಜಲವಿದ್ಯುತ್ ಯೋಜನೆಯಲ್ಲಿ ಮುಳುಗಿತು. ಅದನ್ನು ಉಳಿಸಲು ಊರೂರಿಗೆ ಹೋಗಿ ಸ್ಲೈಡ್ ತೋರಿಸುತ್ತಿದ್ದ ಓಲೆಗಾಸ್ ಟ್ರುಚಾನಸ್ ಅದೇ ವರ್ಷ ನದಿಯಲ್ಲಿ ತೀರಿಕೊಂಡರು. ಅವರ ಶಿಷ್ಯ ಪೀಟರ್ ಡೊಂಬ್ರೊವ್‌ಸ್ಕಿಸ್ 4×5 ಕ್ಯಾಮೆರಾವನ್ನು ಹೊತ್ತು ಫ್ರಾಂಕ್ಲಿನ್ ನದಿಯ ಗುಂಟ ದೋಣಿಯಲ್ಲಿ ಸಾಗಿದರು. ನದಿಯ ಒಂದು ತಿರುವಿನಲ್ಲಿ, ಮುಂಜಾನೆಯ ಮಂಜಿನಲ್ಲಿ ಅವರು ತೆಗೆದ ಚಿತ್ರವು 1983ರ ಮಾರ್ಚ್ ಚುನಾವಣೆಯ ಮುನ್ನ ಪತ್ರಿಕೆಗಳಲ್ಲಿ ಪೂರ್ಣಪುಟದ ಬಣ್ಣದ ಜಾಹೀರಾತಾಗಿ ಬಂತು. ಇದನ್ನು ನಾಶಮಾಡುವ ಪಕ್ಷಕ್ಕೆ ಮತ ನೀಡುವಿರಾ ಎಂಬುದು ಅದರ ಪ್ರಶ್ನೆ. ಸರ್ಕಾರ ಬದಲಾಯಿತು. ಜುಲೈ ಒಂದರಂದು ಉಚ್ಚ ನ್ಯಾಯಾಲಯವು ಮೂವರ ವಿರುದ್ಧ ನಾಲ್ವರ ಬಹುಮತದಿಂದ ಅಣೆಕಟ್ಟಿಗೆ ತಡೆ ಹಾಕಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಇನ್ನೊಂದು ಸಂಗತಿಯನ್ನು ಕಡಿಮೆ ಜನ ಹೇಳುತ್ತಾರೆ. ಮುಳುಗಲಿದ್ದ ಆ ಕಣಿವೆಯಲ್ಲಿ ಕುಟಿಕಿನಾ ಎಂಬ ಗುಹೆಯಿದೆ. ಸಾವಿರಾರು ವರ್ಷಗಳ ಹಿಂದೆ, ಹಿಮಯುಗದ ಕಾಲದಲ್ಲಿ, ಅಲ್ಲಿ ಮನುಷ್ಯರು ವಾಸವಾಗಿದ್ದರೆಂಬುದಕ್ಕೆ 1981ರಲ್ಲಿ ಕಲ್ಲಿನ ಆಯುಧಗಳು, ಮೂಳೆಗಳು ದೊರೆತವು. ನ್ಯಾಯಾಲಯದ ಮುಂದಿನ ವಾದದಲ್ಲಿ ಆ ಸಾಕ್ಷ್ಯವೂ ಸೇರಿತ್ತು. ಜಗತ್ತು ಕಂಡ ಚಿತ್ರದಲ್ಲಿ ಮನುಷ್ಯನಿಲ್ಲ. ಕಾನೂನಿನ ಕಡತದಲ್ಲಿ ಮನುಷ್ಯನಿದ್ದ.

ನಮ್ಮಲ್ಲಿಯೂ ಇಂತಹ ಚಿತ್ರವೊಂದಿದೆ, ಎಡಗೋಡೆಯ ನಾಲ್ಕನೆಯದು. ಭದ್ರಾ ಅಭಯಾರಣ್ಯದ ಒಳಗಿನ ಬಯಲು. ಸುತ್ತ ಕಾಡು, ನಡುವೆ ನಯವಾದ ಹುಲ್ಲು, ಅಂಚಿನಲ್ಲಿ ಮಂಜು. ಬೆಂಗಳೂರಿನಿಂದ ಬಂದ ಯಾರಿಗಾದರೂ ತೋರಿಸಿದರೆ ಮನುಷ್ಯ ಕಾಲಿಡದ ಜಾಗ ಎಂದಾರು. ಅದು ಗದ್ದೆಯಾಗಿತ್ತು. 1998ರಲ್ಲಿ ಭದ್ರಾ ಹುಲಿ ಯೋಜನೆಗೆ ಸೇರಿತು. 2001-02ರ ಹೊತ್ತಿಗೆ ಒಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಬಂದವು. ಬಹುಪಾಲು ಇದೇ ತರೀಕೆರೆ ತಾಲ್ಲೂಕಿನ ಎಂ.ಸಿ.ಹಳ್ಳಿಯಲ್ಲಿ ನೆಲೆಸಿದವು. ದೇಶದಲ್ಲಿ ನಡೆದ ಪುನರ್ವಸತಿಗಳ ಪೈಕಿ ಇದನ್ನು ಉತ್ತಮವಾದದ್ದೆಂದು ಹಲವರು ಹೆಸರಿಸಿದ್ದಾರೆ. ಅದರ ಲಾಭನಷ್ಟದ ಚರ್ಚೆಗೆ ಇದು ಸಂದರ್ಭವಲ್ಲ, ಅನುಭವಿಸಿದವರು ಈ ಸಭೆಯಲ್ಲೇ ಇದ್ದೀರಿ. ನನ್ನ ಮಾತು ಚಿತ್ರದ ಬಗ್ಗೆ ಮಾತ್ರ. ಭೂತಗನ್ನಡಿಯಲ್ಲಿ ನೋಡಿದರೆ ಹುಲ್ಲಿನೊಳಗೆ ಬದುವಿನ ಗೆರೆಗಳು ಮೆಟ್ಟಿಲಿನಂತೆ ಕಾಣುತ್ತವೆ. ಛಾಯಾಗ್ರಾಹಕರು ಇದಕ್ಕೆ 'ಕನ್ಯಾವನ' ಎಂದು ಶೀರ್ಷಿಕೆ ಕೊಟ್ಟಿದ್ದಾರೆ. ಆ ಶೀರ್ಷಿಕೆ ಬದಲಾಗಬೇಕೆಂಬುದು ನನ್ನ ಅಭಿಪ್ರಾಯ. ಆ ಗದ್ದೆಯ ಹೆಸರು ಗೊತ್ತಿರುವವರು ಇಂದು ಹೇಳಿದರೆ ಅದನ್ನೇ ಬರೆಯಬಹುದು.

ಇನ್ನು ಬಣ್ಣವಿಲ್ಲದ ಚಿತ್ರದ ಬಗ್ಗೆ. ಕಪ್ಪು-ಬಿಳುಪು ಎಂದರೆ ಸತ್ಯ, ಬಣ್ಣವೆಂದರೆ ಅಲಂಕಾರ ಎಂಬ ಭ್ರಮೆ ನಮ್ಮಲ್ಲಿ ಬೇರೂರಿದೆ. ಕೆಮ್ಮಣ್ಣುಗುಂಡಿಯ ಎರಡು ಚಿತ್ರಗಳನ್ನು ನೋಡಿ. ಜಾಗ ಒಂದೇ, ಹೊತ್ತು ಒಂದೇ, ಅರ್ಧ ಗಂಟೆಯ ಅಂತರ. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಗಾಗಿ ದಶಕಗಳ ಕಾಲ ಅದಿರು ತೆಗೆದ ಗುಡ್ಡವದು. ಮೊದಲ ಚಿತ್ರದಲ್ಲಿ ಗಣಿಯ ಗಾಯ ಸುಣ್ಣ ಬಳಿದಂತೆ ಬೆಳ್ಳಗೆ ಹೊಳೆಯುತ್ತದೆ, ಸುತ್ತಲಿನ ಹಸಿರು ಕಪ್ಪಾಗಿದೆ. ಎರಡನೆಯದರಲ್ಲಿ ಗಾಯ ಹುಡುಕಿದರೂ ಸಿಗದು. ಹುಲ್ಲು ತಿಳಿಯಾಗಿ ಎಲ್ಲವನ್ನೂ ಮುಚ್ಚಿದಂತಿದೆ. ಮೊದಲನೆಯದಕ್ಕೆ ಕೆಂಪು ಫಿಲ್ಟರ್, ಎರಡನೆಯದಕ್ಕೆ ಹಸಿರು. ಕೆಂಪು ಫಿಲ್ಟರ್ ಕೆಮ್ಮಣ್ಣಿನ ಬೆಳಕನ್ನು ಬಿಟ್ಟುಕೊಂಡು ಎಲೆಯ ಬೆಳಕನ್ನು ತಡೆಯುತ್ತದೆ, ಹಸಿರಿನದು ಅದರ ವಿರುದ್ಧ. ಗಣಿಯ ವಿರುದ್ಧ ವಾದಿಸುವವರು ಮೊದಲನೆಯದನ್ನೂ ಗಣಿಯ ಪರವಾದವರು ಎರಡನೆಯದನ್ನೂ ಹಿಡಿದು ನಿಂತರೆ ಇಬ್ಬರೂ ಸುಳ್ಳು ಹೇಳಿದಂತಾಗುವುದಿಲ್ಲ, ಆದರೆ ಫಿಲ್ಟರ್ ಯಾವುದೆಂದು ಹೇಳದಿದ್ದರೆ ಇಬ್ಬರೂ ಮುಚ್ಚಿಟ್ಟಂತಾಗುತ್ತದೆ. ನಾವು ಯಾವ ಪಕ್ಷ ಎಂಬುದು ಊರಿಗೇ ಗೊತ್ತು. ಆ ಕಾರಣಕ್ಕೇ ನಮ್ಮ ಚಿತ್ರದ ಹಿಂದೆ ಫಿಲ್ಟರಿನ ಹೆಸರು ಇರಬೇಕು.

ಆಡಮ್ಸ್ 1927ರಲ್ಲಿ ಹಾಫ್ ಡೋಮ್ ಎಂಬ ಬೃಹತ್ ಬಂಡೆಯನ್ನು ಮೊದಲು ಹಳದಿ ಫಿಲ್ಟರಿನಿಂದ ತೆಗೆದು, ಮನಸ್ಸಿಗೆ ಒಗ್ಗದೆ, ಉಳಿದಿದ್ದ ಗಾಜಿನ ಫಲಕವನ್ನು ಕೆಂಪು ಫಿಲ್ಟರಿಗೆ ಬಳಸಿದ. ಆಕಾಶ ಕಪ್ಪಾಯಿತು, ಕೀರ್ತಿ ಬಂದದ್ದು ಎರಡನೆಯದಕ್ಕೆ. ತಾನು ಕಂಡದ್ದನ್ನಲ್ಲ, ತನಗೆ ಅನ್ನಿಸಿದ್ದನ್ನು ತೋರಿಸಿದೆನೆಂದು ಆತ ಮುಚ್ಚುಮರೆಯಿಲ್ಲದೆ ವಿವರಿಸಿದ್ದಾನೆ. 1941ರಲ್ಲಿ ತೆಗೆದ ಚಂದ್ರೋದಯದ ಒಂದೇ ನೆಗೆಟಿವಿನಿಂದ ವರ್ಷ ಕಳೆದಂತೆ ಹೆಚ್ಚು ಹೆಚ್ಚು ಕಪ್ಪಾದ ಆಕಾಶದ ಪ್ರತಿಗಳನ್ನೂ ಮುದ್ರಿಸಿದ. ಕಲೆಗೆ ಅದು ಸರಿ. ತಹಸೀಲ್ದಾರರ ಮುಂದಿಡುವ ಚಿತ್ರಕ್ಕೆ ಆ ಸ್ವಾತಂತ್ರ್ಯವಿಲ್ಲ.

ರಚನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಂದೇ ದೂರು. ಈ ಹನ್ನೊಂದರಲ್ಲಿ ನಾಲ್ಕು ಚಿತ್ರಗಳು ಒಂದೇ ಅಚ್ಚಿನವು: ಮುಂದೆ ದೊಡ್ಡ ಬಂಡೆ, ನಡುವೆ ನೀರು, ಹಿಂದೆ ಬೆಟ್ಟ. ಅಗಲಕೋನದ ಲೆನ್ಸನ್ನು ನೆಲಕ್ಕೆ ಹತ್ತಿರ ಹಿಡಿದರೆ ಹತ್ತಿರದ್ದು ಬೆಳೆಯುತ್ತದೆ, ದೂರದ್ದು ಕುಗ್ಗುತ್ತದೆ. ಅಯ್ಯನಕೆರೆಯ ಚಿತ್ರದಲ್ಲಿ ಏರಿಯ ಕಲ್ಲು ಶಕುನಗಿರಿಗಿಂತ ದೊಡ್ಡದಾಗಿದೆ. ಗಿರಿಯಿಂದ ಇಳಿದ ವೇದಾ ಹೊಳೆ ಆ ಕೆರೆಯನ್ನು ತುಂಬಿ, ಅತ್ತ ಮದಗದ ಕೆರೆಯ ಕಡೆಯಿಂದ ಬಂದ ಅವತಿಯನ್ನು ಕೂಡಿ, ಕಡೂರಿನ ಬಳಿ ವೇದಾವತಿಯಾಗುತ್ತದೆ. ಗಿರಿಗೂ ಕೆರೆಗೂ ಇರುವ ಈ ಸಂಬಂಧವೇ ಕಡೂರಿನಂತಹ ಬರದ ಸೀಮೆಗೆ ಜೀವಾಳ. ಗಿರಿಯನ್ನು ಕುಗ್ಗಿಸಿದ ಚಿತ್ರದಲ್ಲಿ ನೀರು ಎಲ್ಲಿಂದ ಬಂತೆಂಬುದೇ ಕಾಣದು. ಉದ್ದ ನಾಭಿಯ ಲೆನ್ಸು ಹಾಕಿ ಆಚೆ ದಡದಿಂದ ತೆಗೆದಿದ್ದರೆ ಕೆರೆಯ ಬೆನ್ನಿಗೆ ಗಿರಿ ನಿಲ್ಲುತ್ತಿತ್ತು. ಇದಕ್ಕೆ ಹೋಲಿಸಿದರೆ ಮೇಲ್ದಂಡೆ ಕಾಲುವೆಯ ಚಿತ್ರ ಮೊದಲ ನೋಟಕ್ಕೆ ನೀರಸ: ಕಡಿದ ಮಣ್ಣು, ಸಿಮೆಂಟು, ತುದಿಯಲ್ಲಿ ಒಂದು ಈರುಳ್ಳಿ ಹೊಲ. ನನಗೆ ಹನ್ನೊಂದರಲ್ಲಿ ಅದೇ ಅತ್ಯುತ್ತಮವೆನಿಸಿತು. 1975ರಲ್ಲಿ ಅಮೆರಿಕದ ರಾಚೆಸ್ಟರಿನಲ್ಲಿ ಕೆಲವರು ಹೊಸ ಬಡಾವಣೆ, ಗೋದಾಮು, ರಸ್ತೆಬದಿಗಳನ್ನು ಇದೇ ಗಂಭೀರತೆಯಿಂದ ಚಿತ್ರಿಸಿ ಪ್ರದರ್ಶಿಸಿದಾಗ ನೋಡಿದವರು ಗೊಣಗಿದ್ದರಂತೆ. ಇಲ್ಲಿಯೂ ಗೊಣಗಾಟ ಬರಲಿ, ಅಡ್ಡಿಯಿಲ್ಲ.

ಚೆಂದದ ಚಿತ್ರಕ್ಕೆ ಬೆಲೆಯೂ ಉಂಟು. 2022ರಲ್ಲಿ ಚಂದ್ರದ್ರೋಣ ಪರ್ವತದ ಇಳಿಜಾರುಗಳಲ್ಲಿ ಗುರಿಗೆ ಹೂ ಅರಳಿ ಬೆಟ್ಟ ನೀಲಿಯಾದಾಗ ಚಿತ್ರಗಳು ಗಂಟೆಗಳಲ್ಲಿ ಎಲ್ಲೆಡೆ ಹರಡಿದವು, ಹಿಂದೆಯೇ ವಾಹನಗಳ ಸಾಲು ಬಂತು. ಹೂವನ್ನು ತುಳಿದು ನಿಂತು ಹೂವಿನ ಚಿತ್ರ ತೆಗೆದರು. ಆದ್ದರಿಂದ ಇಲ್ಲಿಯ ಎರಡು ಚಿತ್ರಗಳಿಗೆ ಊರಿನ ಹೆಸರನ್ನಷ್ಟೇ ಹಾಕಿದ್ದೇವೆ, ದಾರಿಯನ್ನು ತಿಳಿಸಿಲ್ಲ. ಇದು ಸರಿಯೋ, ಅತಿಯೋ ಎಂಬುದನ್ನು ನೀವು ಹೇಳಬೇಕು.

ಹಳೆಯ ಚಿತ್ರಗಳ ವಿಷಯಕ್ಕೆ ಬಂದರೆ ಕನ್ನಡನಾಡು ಈ ವಿದ್ಯೆಗೆ ಹೊಸದಲ್ಲ. 1855ರಲ್ಲಿ ಥಾಮಸ್ ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆಗಳನ್ನು ಚಿತ್ರಿಸಿದ. ಅವನ ನಂತರ ಪಿಗೊ ಎಂಬ ವೈದ್ಯ ಹಳೇಬೀಡಿನತ್ತ ಬಂದ. ಇವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಹಾಗೂ ಮೈಸೂರಿನ ವಾಸ್ತುಶಿಲ್ಪದ ಗ್ರಂಥವಾಗಿ ಬಂದವು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯನ್ನು ಮೇಣ ಸವರಿದ ಕಾಗದದ ನೆಗೆಟಿವುಗಳಲ್ಲಿ ಹಿಡಿದ. ಒಂದೊಂದೂ ಸುಮಾರು ಹದಿನಾರು-ಹದಿನೆಂಟು ಅಂಗುಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಆ ನೆಗೆಟಿವುಗಳ ಆಧಾರದಿಂದ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಅದೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಕಂಬ ಬಿದ್ದಿದೆ, ಎಲ್ಲಿ ಮರ ಬೆಳೆದಿದೆ ಎಂಬುದು ಒಂದು ಮಾತೂ ಇಲ್ಲದೆ ತಿಳಿಯುತ್ತದೆ. ವಿದ್ಯಾರ್ಥಿಗಳೇ, ಅಂದಿನ ಚಿತ್ರಗಳಲ್ಲಿ ಆಕಾಶ ಸದಾ ಖಾಲಿಯಾಗಿರುವುದನ್ನು ಕಂಡು ಮಳೆಗಾಲವೇ ಇರಲಿಲ್ಲವೆಂದು ತಿಳಿಯಬೇಡಿ. ಆಗಿನ ರಾಸಾಯನಿಕಕ್ಕೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಾಗುತ್ತಿತ್ತು, ನೀಲಿ ಆಕಾಶವೂ ಬಿಳಿಮೋಡವೂ ಒಂದೇ ಆಗಿಬಿಡುತ್ತಿದ್ದವು.

ನಮ್ಮ ಮುಂದಿನ ಕೆಲಸ ಈ ಮಾದರಿಯದು. ಈ 11 ಜಾಗಗಳಲ್ಲಿ ಮುಕ್ಕಾಲಿ ನಿಂತ ಬಿಂದುವಿನಲ್ಲಿ ಒಂದೊಂದು ಗುರುತುಕಲ್ಲು ನೆಡಬೇಕು. ವರ್ಷಕ್ಕೆ ಮೂರು ಬಾರಿ, ಕಾವಲಿನ ಮೂರು ಋತುಗಳಿಗೆ ಸರಿಯಾಗಿ, ಅದೇ ಲೆನ್ಸಿನಿಂದ ಅದೇ ನೋಟವನ್ನು ತೆಗೆಯಬೇಕು. ಪ್ರತಿಯ ಹಿಂದೆ ದಿನಾಂಕ, ಹೊತ್ತು, ಫಿಲ್ಮು, ಫಿಲ್ಟರ್, ಎಷ್ಟು ಸೆಕೆಂಡು ಎಂಬುದನ್ನೂ, ಆ ದಿನ ಅಲ್ಲಿ ಯಾರ ಮಂದೆ ಇತ್ತೆಂಬುದನ್ನೂ ಬರೆಯಬೇಕು. ಕೊನೆಯದನ್ನು ಬರೆಯಲು ಛಾಯಾಗ್ರಾಹಕರಿಗೆ ಆಗದು, ಊರಿನವರೊಬ್ಬರು ಜೊತೆಗಿರಬೇಕು. ಖರ್ಚಿನ ಬಗ್ಗೆ ಕೇಳಿದ್ದೀರಿ. ಇಲ್ಫೋರ್ಡ್, ಕೊಡಾಕ್ ಕಂಪನಿಗಳ ಹಾಳೆ ಫಿಲ್ಮು ಹೊರದೇಶದಿಂದ ಬರುವುದರಿಂದ ದುಬಾರಿ. ಊಟಿಯಲ್ಲಿದ್ದ ನಮ್ಮದೇ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ಮುಚ್ಚಿಹೋಯಿತು. ಕಲಿಯುವವರು ಆಸ್ಪತ್ರೆಯ ಎಕ್ಸ್‌ರೇ ಫಿಲ್ಮನ್ನು ಅಳತೆಗೆ ಕತ್ತರಿಸಿ ಬಳಸಬಹುದು. ಬಹಳ ಅಗ್ಗ, ಮಂದ ಕೆಂಪು ದೀಪದಲ್ಲಿ ಕಣ್ಣಿಗೆ ಕಾಣುವಂತೆ ತೊಳೆಯಲೂಬಹುದು. ಆದರೆ ಅದಕ್ಕೆ ಕೆಂಪು ಬೆಳಕು ತಾಗುವುದಿಲ್ಲ, ನಮ್ಮ ಕೆಮ್ಮಣ್ಣು ಅದರಲ್ಲಿ ಇದ್ದಿಲಿನಂತೆ ಕಪ್ಪಾಗುತ್ತದೆ. ಕಾವಲಿನ ದಾಖಲೆಗೆ ಅದು ಬೇಡ.

ಇನ್ನು ಚರ್ಚೆ. 'ಚೆನ್ನಾಗಿದೆ', 'ಅದ್ಭುತ' ಎಂಬ ಎರಡು ಮಾತುಗಳನ್ನು ಮಧ್ಯಾಹ್ನದವರೆಗೆ ಯಾರೂ ಆಡಬಾರದೆಂದು ವಿನಂತಿ. ಚಿತ್ರದಲ್ಲಿ ಏನು ಕಾಣುತ್ತದೆ ಎಂಬುದನ್ನು ಮೊದಲು ಹೇಳಿ, ಏನು ಕಾಣುತ್ತಿಲ್ಲ ಎಂಬುದನ್ನು ಆಮೇಲೆ. ಮಕ್ಕಳು ಹಿರಿಯರ ಮಾತು ಮುಗಿಯಲೆಂದು ಕಾಯಬೇಕಾಗಿಲ್ಲ. ಮೊದಲನೆಯದು ಲಕ್ಕವಳ್ಳಿಯ ಹಿನ್ನೀರು, ಬೇಸಗೆಯಲ್ಲಿ ತೆಗೆದದ್ದು. ನೀರು ಇಳಿದ ಕೆಸರಿನಲ್ಲಿ ಸಾಲಾಗಿ ನಿಂತಿರುವ ಆ ಮೋಟುಮರಗಳು ಯಾವ ಜಾತಿಯವು, ಅಣೆಕಟ್ಟಿಗೆ ಮೊದಲು ಅಲ್ಲಿ ಏನಿತ್ತು? ಕಿಟಕಿಯ ಪಕ್ಕ ಕುಳಿತ ಅಜ್ಜ ಕೈ ಎತ್ತಿದ್ದಾರೆ. ಹೇಳಿ ಅಜ್ಜ, ಮೈಕು ಅಲ್ಲಿಗೇ ತರುತ್ತಾರೆ.